ಗ್ರಹಣ ಇಲ್ಲದ ಮನುಷ್ಯ

ಏನೂ ಆಗುವುದಿಲ್ಲ ಎಂದು ಅಷ್ಟು ದೊಡ್ಡ ದನಿಯಲ್ಲಿ ಹೇಳಬಾರದಿತ್ತು. ಉಪ್ಪಿನಬೆಟಗೇರಿಯ ಹೊಲದಂಚಿನ ತಗಡಿನ ಕೋಣೆಯೊಳಗೆ, ಯಂತ್ರದ ಮುಂದೆ ಕಬ್ಬಿಣದ ಕುರ್ಚಿ ಎಳೆದುಕೊಂಡು ಕೂತ ಸತ್ಯವಂತನನ್ನು ಬೆಳಗಿನಿಂದ ಕಾಡುತ್ತಿದ್ದದ್ದು ಇದೊಂದೇ. ಮಾತಿನಲ್ಲಿ ತಪ್ಪಿರಲಿಲ್ಲ. ಸೂರ್ಯಗ್ರಹಣದಿಂದ ನೆಲದ ಮೇಲಿನ ಮನುಷ್ಯನಿಗೆ ಏನೂ ಆಗುವುದಿಲ್ಲ ಎಂಬುದನ್ನು ಯಾವ ಭೌತಶಾಸ್ತ್ರದ ಪ್ರಾಧ್ಯಾಪಕನಾದರೂ ಹೇಳಿಯಾನು. ಆದರೆ ವಿಚಾರ ವೇದಿಕೆಯವರು ಧಾರವಾಡದಲ್ಲಿ ಸಭೆ ಕರೆದು ಮೈಕು ಕೈಗೆ ಕೊಟ್ಟಾಗ, ಮುಂದಿನ ಸಾಲಿನ ಕಾಲೇಜು ಹುಡುಗಿಯರು ತಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವುದು ಕಂಡಾಗ, ಅದಾಗಲೇ ಎರಡು ಸಲ ಬಿದ್ದ ಚಪ್ಪಾಳೆ ಮೂರನೆಯ ಸಲ ಬೀಳಲು ಹವಣಿಸುತ್ತಿದೆ ಅನ್ನಿಸಿದಾಗ, ಅವನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತ್ತು. ನನ್ನ ಮಗಳು ಏಳು ತಿಂಗಳ ಬಸುರಿ, ಗ್ರಹಣ ಹಿಡಿದಾಗ ಅವಳನ್ನು ಬಟಾಬಯಲಲ್ಲಿ ಕೂರಿಸಿ ನಿಮ್ಮೆಲ್ಲರ ಎದುರಿಗೆ ಉಣ್ಣಿಸುತ್ತೇನೆ ಎಂದಿತ್ತು. ಚಪ್ಪಾಳೆ ಬಿತ್ತು. ಬಿದ್ದ ಚಪ್ಪಾಳೆಯನ್ನು ವಾಪಸು ಕೊಡುವ ವ್ಯವಸ್ಥೆ ಎಲ್ಲಿಯೂ ಇಲ್ಲ. ಹುಬ್ಬಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ, ಹೆರಿಗೆಗೆಂದು ತವರಿಗೆ ಬಂದಿದ್ದ ಐರಿನ್‌ಗೆ ಈ ವಿಷಯ ಮರುದಿನ ಪೇಪರಿನಲ್ಲಿ ಗೊತ್ತಾಯಿತು. ಓದಿ, ಪೇಪರು ಮಡಿಸಿ, "ಆತು ಪಪ್ಪಾ" ಅಂದಿದ್ದಳು. ಈಗ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯಾರ ಮಾತಿಗೋ ನಗುತ್ತಿದ್ದಳು. ಆ ನಗು ತಗಡಿನ ಗೋಡೆ ದಾಟಿ ಒಳಗೆ ಬಂದಾಗಲೆಲ್ಲ ಅವನ ಕೈ ಗುಂಡಿಯ ಮೇಲೆ ತಡೆಯುತ್ತಿತ್ತು.

ಯಂತ್ರ ತನ್ನ ಪಾಡಿಗೆ ತಾನು ಮೇಲಕ್ಕೆ ತಟ್ಟುತ್ತಿತ್ತು. ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರಲ್ಲ, ಅದೇ ಕೆಲಸ. ಇಲ್ಲಿ ತಟ್ಟುವುದು ರೇಡಿಯೋ ಅಲೆ, ಗಡಿಗೆ ಆಕಾಶ. ಮೋಡಗಳಿಗಿಂತ ಎಷ್ಟೋ ಮೇಲೆ ಸೂರ್ಯನ ಬಿಸಿಲು ತೆಳುಗಾಳಿಯನ್ನು ಒಡೆದು ವಿದ್ಯುತ್ ಕಣಗಳ ಪದರವೊಂದನ್ನು ಹಾಸಿರುತ್ತದೆ. ಕೆಳಗಿನಿಂದ ಕಳಿಸಿದ ಅಲೆ ಅದಕ್ಕೆ ಬಡಿದು ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಹೊತ್ತಿನಿಂದ ಪದರದ ಎತ್ತರ ತಿಳಿಯುತ್ತದೆ. ಅಲೆಯ ಕಂಪನಾಂಕ ಏರಿಸುತ್ತ ಹೋದರೆ ಒಂದು ಘಟ್ಟದಲ್ಲಿ ಅದು ಪದರವನ್ನು ತೂರಿಕೊಂಡು ಆಚೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಆ ಘಟ್ಟ ಕೆಳಗಿಳಿದರೆ ಪದರ ತೆಳುವಾಗಿದೆ ಎಂದು ಅರ್ಥ. ಚಂದ್ರ ಅಡ್ಡ ಬಂದು ಬಿಸಿಲು ನಿಂತರೆ ಅದು ತೆಳುವಾಗಲೇಬೇಕು. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಗ್ರಹಣದ ನಡುಘಟ್ಟ ದಾಟಿ ಬಿಸಿಲು ಮರಳತೊಡಗಿದ ಮೇಲೆಯೂ ನಮ್ಮ ಸೀಮೆಯ ಮೇಲಿನ ಪದರ ಇನ್ನಷ್ಟು ಹೊತ್ತು ತೆಳುವಾಗುತ್ತಲೇ ಇರುತ್ತದೆ, ಪುಸ್ತಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು, ಎಂಬುದು ಸತ್ಯವಂತನ ವಾದ. ಒಂದು ಸಮ್ಮೇಳನದಲ್ಲಿ ಹೀಗೆಂದಾಗ ಅಧ್ಯಕ್ಷತೆ ವಹಿಸಿದವರು ಊಟಕ್ಕೆ ತಡವಾಯಿತೆಂದು ಗಡಿಯಾರ ತೋರಿಸಿದ್ದರು. ಬರುವ ಮೇ ತಿಂಗಳಿಗೆ ಅವನ ನಿವೃತ್ತಿ. ಅಷ್ಟರೊಳಗೆ ಇಂಥ ದೊಡ್ಡ ಗ್ರಹಣ ಇನ್ನೊಂದಿಲ್ಲ. ಮೇಲೆ ಏನಾದರೂ ಆಗಲಿ ಎಂದು ವರ್ಷಗಟ್ಟಲೆ ಕಾದವನು ಇವನು. ಅಲೆ ಕಳಿಸುವ ಇವನದೇ ತಂತಿಯ ಕಂಬಕ್ಕೆ ವೇದಿಕೆಯವರು 'ಗ್ರಹಣ: ಏನೂ ಆಗುವುದಿಲ್ಲ' ಎಂಬ ಬ್ಯಾನರು ಕಟ್ಟಿದ್ದರು. ಗಾಳಿಗೆ ಅದು ಪಟಪಟ ಬಡಿದಾಗ ಕಂಬ ಸ್ವಲ್ಪ ಅಲುಗುತ್ತಿತ್ತು.

ಹಾಗೆ ನೋಡಿದರೆ ಮಗಳ ಹೆಸರು ಎತ್ತುವ ಗತಿ ತಂದವರು ಬೇರೆಯವರೇ. ವಿಭಾಗದ ಮುಖ್ಯಸ್ಥರಾದ ಶಿವಯೋಗೀಶರು ಗ್ರಹಣದ ಮೇಲೆ ಬಿ.ಎಸ್ಸಿ. ಹುಡುಗರಿಗೆ ಚಿತ್ರ ಸಮೇತ ಪಾಠ ಬರೆದವರು, ಗ್ರಹಣದ ದಿನ ಮಾತ್ರ ಒದ್ದೆ ಪಂಚೆ ಉಟ್ಟು ಬಾಗಿಲು ಹಾಕಿಕೊಳ್ಳುವವರು. "ನಿಮಗ ಗ್ರಹಣ ಇಲ್ಲಲ್ರೀ, ನೀವ ಹೋಗಿಬರ್ರಿ. ನಿಮಗ ನಡೀತದ" ಎಂದು ಇಲ್ಲಿಗೆ ಬರುವ ಅರ್ಜಿಗೆ ಸಹಿ ಹಾಕಿಕೊಟ್ಟಿದ್ದರು. ನಡೀತದ! ಇಡೀ ನೌಕರಿಯಲ್ಲಿ ಸತ್ಯವಂತನಿಗೆ ಎಲ್ಲವೂ ನಡೆದುಬಂದಿತ್ತು. ಗಣೇಶ ಚೌತಿಯ ದಿನ ಪರೀಕ್ಷೆಯ ಉಸ್ತುವಾರಿ ನಡೆಯಿತು, ನಾಗರಪಂಚಮಿಯ ದಿನ ಸ್ಟಾಕು ಎಣಿಕೆ ನಡೆಯಿತು, ಹಿಂದೊಮ್ಮೆ ಹತ್ತಾರು ಜನರ ನಡುವೆ ಗ್ರಹಣದ ಹೊತ್ತಿಗೆ ಚಹಾ ಕುಡಿದು ತನ್ನ ವೈಚಾರಿಕತೆಯನ್ನು ಮೆರೆಯಲು ನೋಡಿದಾಗ ಯಾರೂ ಕಣ್ಣೆತ್ತಿ ನೋಡಲಿಲ್ಲ. ಅವರು ಕ್ರಿಶ್ಚನ್ನರು, ಅವರಿಗೆ ನಡೀತದ. ಬೇರೆಯವರು ಮುರಿದರೆ ಕ್ರಾಂತಿ, ತಾನು ಮುರಿಯಬೇಕೆಂದರೆ ಮುರಿಯಲು ಕೈಯಲ್ಲಿ ಏನೂ ಇಲ್ಲ. ವೇದಿಕೆಯ ಕಾರ್ಯದರ್ಶಿ ಆಶಿಷ್, ಮೊಬೈಲ್ ಅಂಗಡಿ ಇಟ್ಟುಕೊಂಡ ಚುರುಕು ತರುಣ, ಇದನ್ನು ಮುಖಕ್ಕೇ ಹೇಳಿದ್ದ. "ಸರ್, ಬೇಜಾರಾಗಬ್ಯಾಡ್ರಿ. ನೀವು ಗ್ರಹಣದಾಗ ತಿಂದ್ರ ಅದು ಬರೇ ನಾಷ್ಟಾ ಆಗ್ತದ. ಬಸರಿ ಹೆಣ್ಣುಮಗಳು ತಿಂದ್ರ ನೋಡ್ರಿ, ಅದು ಎಲ್ಲಾ ಜಾತಿಗೂ ಮುಟ್ಟತದ." ಆ ಮಾತು ತಲೆಯೊಳಗೆ ಕೂತಿತ್ತು, ಸಭೆಯಲ್ಲಿ ಬಾಯಿಗೆ ಬಂತು. ತನ್ನದೆಂಬ ಏನನ್ನಾದರೂ ಪಣಕ್ಕಿಡಬೇಕು ಎಂಬ ಹಟದಲ್ಲಿ ಇಟ್ಟದ್ದು ಏನನ್ನು ಎಂಬುದು ಆಮೇಲೆ ಹೊಳೆಯಿತು.

ನಿನ್ನೆ ಕ್ರಿಸ್‌ಮಸ್. ಚರ್ಚಿನಲ್ಲಿ ಎಲ್ಲರೂ ಐರಿನ್‌ಳ ತಲೆ ಸವರಿ, ನಾಳಿನ ಕಾರ್ಯಕ್ರಮದ ಬಗ್ಗೆ ಒಂದಕ್ಷರ ಎತ್ತದೆ, ಕೇಕು ತಿಂದು ಹೋಗಿದ್ದರು. ಇವತ್ತು ಬೆಳಿಗ್ಗೆ ಕಾರಿನ ಕೀಲಿ ಕೈಯಲ್ಲಿ ಹಿಡಿದಾಗ ಹೆಂಡತಿ ಜಾಯ್ಸ್ ಬಾಗಿಲಿಗೆ ಬಂದು ನಿಂತಳು. "ನಾವೇನ ಗ್ರಹಣ ಮಾಡೂ ಮಂದಿ ಅಲ್ಲ, ಖರೇ. ಆದ್ರೂ ಆಕೀನ ಒಯ್ಯಬ್ಯಾಡ್ರಿ." ಯಾಕ, ಕಾರಣ ಹೇಳು, ಅಂದ. "ಕಾರಣ ಇಲ್ಲ. ಅದಕ್ಕ ಬ್ಯಾಡ ಅನ್ನಾಕತ್ತೇನಿ." ಕಾರಣವಿಲ್ಲದ ಮಾತಿಗೆ ತಲೆಬಾಗುವುದು ಅವನ ಜಾಯಮಾನವಲ್ಲ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಐರಿನ್ ಗೋಡೆಗೆ ಮುಖ ಮಾಡಿ ಮಲಗಿದ್ದಾಗಲೂ ಕಾರಣವನ್ನೇ ಹಿಡಿದುಕೊಂಡಿದ್ದ. ಐದು ತಿಂಗಳು ತುಂಬಿದ ಮೇಲೆ ಹೋದ ಕೂಸು. ಅಳಿಯ ಡ್ಯಾನಿಯಲ್ ಕೈಯಲ್ಲೊಂದು ಎಳನೀರು ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಏನಾದರೂ ಹೇಳಬೇಕಿತ್ತು, ತಲೆಯ ಮೇಲೆ ಕೈ ಇಟ್ಟಿದ್ದರೂ ಸಾಕಿತ್ತು. ಸತ್ಯವಂತ ಮಂಚದ ಪಕ್ಕ ಕೂತು, ಇಂಥದು ನೂರು ಮಂದಿಯಲ್ಲಿ ಇಂತಿಷ್ಟು ಮಂದಿಗೆ ಆಗುತ್ತದೆ, ಇದು ಲೆಕ್ಕಾಚಾರದ ಮಾತು, ಇದರಲ್ಲಿ ಯಾರ ತಪ್ಪೂ ಹುಡುಕಬಾರದು ಎಂದು ತರಗತಿಯ ದನಿಯಲ್ಲಿ ವಿವರಿಸಿದ್ದ. ಅವಳು ಗೋಡೆಗೇ "ಹೂಂ ಪಪ್ಪಾ" ಅಂದಳು. ಆ ಹೂಂ ಎಷ್ಟು ಆಳದಿಂದ ಬಂತು, ಬರಲು ಎಷ್ಟು ಹೊತ್ತು ಹಿಡಿಯಿತು, ಯಾವ ಯಂತ್ರದಿಂದಲೂ ಅವನಿಗೆ ಅಳೆಯಲಾಗಲಿಲ್ಲ. ಆಮೇಲೆ ಆ ಕೂಸಿನ ಮಾತು ಮನೆಯಲ್ಲಿ ಯಾರೂ ಆಡಲಿಲ್ಲ.

"ಸರ್, ಹಿಡೀತು!" ಎಂದು ಆಶಿಷ್ ಹೊರಗಿನಿಂದ ಕೂಗಿದ. ಸತ್ಯವಂತ ಬಾಗಿಲಿಗೆ ಬಂದು ಇಣುಕಿದ. ಸುತ್ತ ಹೊಲಗಳಲ್ಲಿ ನರಪಿಳ್ಳೆ ಇರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ. ಉಳಿದ ವರ್ಷಗಳಲ್ಲಾದರೆ ಇಷ್ಟೊತ್ತಿಗೆ ಬಂಡಿ ಕಟ್ಟಿಕೊಂಡು ಬಂದು, ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಿ, ಬದುವಿನ ಮೇಲೆ ಸಾಲಾಗಿ ಉಣ್ಣಲು ಕೂರುತ್ತಿದ್ದರು. ಈ ಸಲ ಗ್ರಹಣ ಬಿಟ್ಟ ಮೇಲೆ ಎಂದು ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ವೇದಿಕೆಯ ಐದಾರು ಜನ ಮಾತ್ರ ಎತ್ತರಕ್ಕೆ ಬೆಳೆದ ಬಿಳಿಜೋಳದ ಪಕ್ಕ, ಸರಿಯಾಗಿ ಅವನ ತಂತಿಗಳ ಕೆಳಗೆ, ಮೇಜು ಹಾಕಿ ಕೂತಿದ್ದರು. ಗಿರ್ಮಿಟ್ಟು ಮಿರ್ಚಿ ತಿಂದು ಮೂಢನಂಬಿಕೆಗೆ ಮಂಗಳ ಹಾಡಬೇಕೆಂಬ ಯೋಜನೆ ಇತ್ತು. ಆದರೆ ಹುಬ್ಬಳ್ಳಿ ಧಾರವಾಡದ ನಡುವೆ ಮಿರ್ಚಿ ಕರಿಯುವ ಒಂದು ಒಲೆಯೂ ಬೆಳಿಗ್ಗೆ ಹೊತ್ತಿರಲಿಲ್ಲವಾದ್ದರಿಂದ ಆಶಿಷ್‌ನ ಮನೆಯಿಂದ ರೊಟ್ಟಿ ಬುತ್ತಿ ತಂದಿದ್ದರು. ಅವನು ಡಬ್ಬಿ ಮುಚ್ಚಳ ತೆಗೆದ, ಒಳಗೆ ನೋಡಿದ, ಚಟಕ್ಕನೆ ಮುಚ್ಚಿದ. ಎಣ್ಣೆಗಾಯಿಯ ಮೇಲೆ ನಾಲ್ಕು ಎಸಳು ಗರಿಕೆ. ಗ್ರಹಣದ ಮೈಲಿಗೆ ತಾಗದಿರಲೆಂದು ಅವನ ತಾಯಿ ಇಟ್ಟು ಕಳಿಸಿದ್ದಳು. "ನಮ್ಮವ್ವ ಸರ್..." ಎಂದು ಹಲ್ಲುಕಿರಿದು, ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರ ಹಿಡಿಯುತ್ತಿದ್ದವನಿಗೆ ಆಚೆ ತಿರುಗುವಂತೆ ಸನ್ನೆ ಮಾಡಿ, ಗರಿಕೆಯನ್ನು ಹೊಲದಲ್ಲಿ ಬಿಸಾಡಿದ. ಹಾಗೆ ಬಿಸಾಡುವಾಗ ಅದು ಕಾಲ ಕೆಳಗೆ ಬೀಳದಂತೆ ಕೈ ಚಾಚಿ ದೂರ ಒಗೆದದ್ದನ್ನು ಸತ್ಯವಂತ ಗಮನಿಸಿದ. ಮೇಜಿನ ಮೇಲೆ ಒಂದು ಸೌತೆಕಾಯಿ, ಒಂದು ಚಾಕು ಇದ್ದವು. ಗ್ರಹಣದಲ್ಲಿ ಬಸುರಿ ಏನನ್ನಾದರೂ ಹೆಚ್ಚಿದರೆ ಕೂಸಿನ ತುಟಿ ಸೀಳಿರುತ್ತದೆ ಎಂಬ ಮಾತನ್ನು ಸುಳ್ಳು ಮಾಡುವುದೇ ಇವತ್ತಿನ ಮುಖ್ಯ ಅಂಶ. ನಡುಘಟ್ಟದಲ್ಲಿ ಹೆಚ್ಚಬೇಕು, ಇಡೀ ಜಿಲ್ಲೆ ಮೊಬೈಲಿನಲ್ಲಿ ನೇರವಾಗಿ ನೋಡಬೇಕು.

ಒಳಗೆ ಬಂದು ಕೂತರೆ ಪರದೆಯ ಮೇಲಿನ ಗೆರೆ ಹಿಂದೆ ಸರಿಯತೊಡಗಿತ್ತು. ಪ್ರತಿ ಸಲ ಅಲೆ ಹೋಗಿ ಬಂದಾಗಲೂ ಕೊಕ್ಕೆಯಂತೆ ಮೇಲಕ್ಕೆ ಬಾಗುವ ಅದರ ತುದಿ ಕೂದಲೆಳೆಯಷ್ಟು ಎಡಕ್ಕೆ, ಕಡಿಮೆ ಕಂಪನದ ಕಡೆಗೆ, ಸರಿಯುತ್ತಿತ್ತು. ಬೆಳಕು ಬಣ್ಣಗೆಟ್ಟಿತು. ಹಿಗ್ಗಬೇಕಾದ ಹೊತ್ತಿನಲ್ಲಿ ಅವನು ಗೋಡೆಯಾಚೆಯ ಮಗಳ ನಗುವಿಗೆ ಕಿವಿಗೊಟ್ಟ. ಆಗುತ್ತಿದೆ. ಮೇಲೆ ಆಗುತ್ತಿರುವುದನ್ನು ಈ ಸೀಮೆಯಲ್ಲಿ ಕಣ್ಣಾರೆ ಕಾಣುತ್ತಿರುವವನು ತಾನೊಬ್ಬನೇ, ಅದು ಭಾರಿಯಾಗಿಯೇ ಆಗುತ್ತಿದೆ, ಮತ್ತು ಕೆಳಗೆ ಏನೂ ಆಗುವುದಿಲ್ಲ ಎಂದು ಬರೆದ ಬಟ್ಟೆಯ ಕೆಳಗೆ ತನ್ನ ಮಗಳು ಕೂತಿದ್ದಾಳೆ. ಮೇಲಿನ ಪದರಕ್ಕೂ ಗರ್ಭಕ್ಕೂ ಸಂಬಂಧವಿಲ್ಲ. ಇದನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ, ಪ್ರತಿ ಸಲವೂ ಅದು ಆಸ್ಪತ್ರೆಯಲ್ಲಿ ಆಡಿದ ದನಿಯಲ್ಲೇ ಕೇಳಿಸಿತು. ನೂರರಲ್ಲಿ ಇಂತಿಷ್ಟು ಮಂದಿಗೆ ಎಂದನಲ್ಲ, ಆ ಇಂತಿಷ್ಟರಲ್ಲಿ ಇವಳೇ ಮತ್ತೊಮ್ಮೆ ಬಂದರೆ? ಯಾವತ್ತೋ, ಯಾವುದೋ ಕಾರಣಕ್ಕೆ ಬಂದರೂ ಜನ ಇವತ್ತಿನ ದಿನವನ್ನೇ ಎತ್ತಿ ಆಡುತ್ತಾರೆ. ಜನ ಹಾಳಾಗಿ ಹೋಗಲಿ, ಜಾಯ್ಸ್ ಬಾಗಿಲಿಗೆ ಬಂದು ನಿಂತು ಇವನ ಮುಖ ನೋಡುತ್ತಾಳೆ. ಗೆರೆ ಇಷ್ಟಕ್ಕೇ ನಿಂತರೆ ಸಾಕು ಎಂದುಕೊಂಡ. ತನ್ನ ಸಿದ್ಧಾಂತ ಸುಳ್ಳಾಗಲಿ ಎಂದು ಹಾರೈಸುತ್ತಿದ್ದೇನೆ ಎಂದು ಅರಿವಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂತ.

ಬಾಗಿಲಲ್ಲಿ ನೆರಳಾಡಿತು. ಹೊಲದೊಡೆಯ ಬೀರಲಿಂಗಪ್ಪನ ಹೆಂಡತಿ ಸಾವಕ್ಕ ತಲೆತುಂಬ ಸೆರಗು ಹೊದ್ದು, ಬಿಸಿಲು ಮೈಗೆ ತಾಗದಂತೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಗ್ರಹಣ ಹಿಡಿದಾಗ ಹೊಸ್ತಿಲು ದಾಟುವ ಹೆಂಗಸಲ್ಲ ಅವಳು. ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಸಾಹೇಬ್ರ, ಆ ಹುಡುಗೀನ ಒಳಗ ಕರೀರಿ."

"ಏನೂ ಆಗೂದಿಲ್ಲ ಸಾವಕ್ಕ."

"ನಿಮಗ ನಡೀತೈತ್ರಿ. ನೀವು ಕ್ರಿಸ್ತಾನ್ರು." ಅವಳು ಹೊರಗೆ ಕುಳಿತ ಐರಿನ್‌ಳ ಹೊಟ್ಟೆಯ ಕಡೆ ನೋಡಿದಳು. "ಅದಕ್ಕಿನ್ನಾ ಯಾ ಜಾತಿರಿ?"

ಉತ್ತರಕ್ಕೆ ಕಾಯದೆ ಬಂದ ಹಾಗೇ ಓಡಿಹೋದಳು. ಅದಕ್ಕಿನ್ನಾ ಯಾ ಜಾತಿ. ಹುಟ್ಟಿಲ್ಲ, ದೀಕ್ಷಾಸ್ನಾನವಾಗಿಲ್ಲ, ಹೆಸರಿಲ್ಲ. ನಡೀತದ ಎಂಬ ರಿಯಾಯಿತಿ ಅದಕ್ಕಿನ್ನೂ ಮಂಜೂರಾಗಿಲ್ಲ. ಇದು ತರ್ಕವಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಜೀವಮಾನದಲ್ಲಿ ಕೇಳಿದ ಯಾವ ವಾದವೂ ಹೀಗೆ ಎದೆಗೆ ಬಂದು ಬಡಿದಿರಲಿಲ್ಲ. ತಗಡಿನ ತೂತುಗಳಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಸವೆದು, ಕತ್ತರಿಸಿ ಬಿಸಾಡಿದ ಉಗುರುಗಳಂತೆ ಆಗಿದ್ದವು. ಹೊರಗೆ ಆಶಿಷ್ ನಡುಘಟ್ಟ ಬಂತೆಂದು ವೀಕ್ಷಕರಿಗೆ ಸಾರುತ್ತಿದ್ದ. "ಮೇಡಂ, ಚಾಕು ತಗೋರಿ" ಎಂಬುದು ಕೇಳಿಸಿತು. ಸತ್ಯವಂತ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಐರಿನ್! ಒಳಗ ಬಾ!"

ಎಲ್ಲರೂ ತಿರುಗಿ ನೋಡಿದರು. ಮೊಬೈಲೂ ತಿರುಗಿತು. ಬಾಗಿಲಲ್ಲಿ ನಿಂತ ಅವನಿಗೆ ತಾನು ಇಡೀ ಜಿಲ್ಲೆಯ ಎದುರು ನಿಂತಿದ್ದೇನೆ ಎಂಬುದು ನೆನಪಾದದ್ದು ಆಗ. ಯಾಕ್ರೀ ಸರ್ ಎಂದ ಆಶಿಷ್. ಕಾರಣ ಬೇಕು. ಕಾರಣವಿಲ್ಲದೆ ಅವನು ಯಾವತ್ತೂ ಯಾರಿಗೂ ಏನನ್ನೂ ಬೇಡ ಅಂದವನಲ್ಲ.

"ತಂತಿ ಕೆಳಗ ಕೂತೀರಿ. ಟ್ರಾನ್ಸ್‌ಮಿಟರ್ ಚಾಲೂ ಅದ. ಬಸರಿ ಹೆಣ್ಣುಮಕ್ಕಳು ಅದರ ಹತ್ರ ಇರಬಾರ್ದು."

ಎಷ್ಟು ಸಲೀಸಾಗಿ ಬಂತು! ಇರಬಾರದು, ಕೂರಬಾರದು, ಮುಟ್ಟಬಾರದು ಎಂಬ ಮಾತುಗಳನ್ನು ಹೊರಗಿನವರ ಬಾಯಲ್ಲಿ ಕೇಳಿ ಜೀವಮಾನವಿಡೀ ನಕ್ಕವನಿಗೆ ಅವು ಇಷ್ಟು ಹತ್ತಿರದಲ್ಲೇ, ನಾಲಗೆಯ ಕೆಳಗೇ ಇದ್ದವೆಂದು ತಿಳಿದಿರಲಿಲ್ಲ. ಆ ತಂತಿಯಿಂದ ಕೆಳಗಿನವರಿಗೆ ತಾಗುವುದು ಏನೇನೂ ಅಲ್ಲ. ವರ್ಷಗಟ್ಟಲೆ ಅದರ ಕೆಳಗೆ ಕೂತು ಬುತ್ತಿ ಉಂಡವನು ತಾನೇ.

ಆಶಿಷ್ ಒಂದು ಕ್ಷಣ ತಬ್ಬಿಬ್ಬಾದವನು, ವ್ಯಾಪಾರಸ್ಥನಾದ್ದರಿಂದ, ಬೇಗ ಸುಧಾರಿಸಿಕೊಂಡ. "ಅಂದ್ರ ಸರ್, ಗ್ರಹಣದಿಂದ ತೊಂದ್ರಿ ಇಲ್ಲ, ಮಷೀನ್‌ದಿಂದ ಅದ. ಹೌದಲ್ರಿ? ನೋಡೋರಿಗೆ ಕ್ಲಿಯರ್ ಆಗಲಿ."

"ಹೌದು."

"ಮತ್ತ ಅದನ್ನ ಬಂದ್ ಮಾಡ್ರೀ ಸರ್. ಐದ್ ಮಿನಿಟಿನ ಕೆಲಸ, ಮುಗಿಸಿಬಿಡೋಣು."

ಸತ್ಯವಂತ ಮಗಳ ಕಡೆ ನೋಡಿದ. ಐರಿನ್ ಚಾಕು ಹಿಡಿದು, ಇನ್ನೊಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಅವನನ್ನೇ ನೋಡುತ್ತಿದ್ದಳು. ಮಂಕು ಬೆಳಕಿನಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ಹೌದು ಪಪ್ಪಾ" ಎಂದಳು, ಪ್ರತಿ ಅಕ್ಷರವನ್ನೂ ಬಿಡಿಸಿ. "ನಿನ್ನ ಮಷೀನ್ ಬಂದ್ ಮಾಡು. ಮಾಡಿದ್ರ ನಾ ಹೆಚ್ಚತೇನಿ."

ಅವನು ಒಳಗೆ ನೋಡಿದ. ನಡುಘಟ್ಟ ದಾಟಿತ್ತು. ಗೆರೆಯ ತುದಿ ಇನ್ನೂ ಎಡಕ್ಕೆ ಸರಿಯುತ್ತಿತ್ತು. ಪುಸ್ತಕಗಳ ಪ್ರಕಾರ ಇಷ್ಟರಲ್ಲಿ ಅದು ಹೊರಳಬೇಕಿತ್ತು; ಹೊರಳದೆ, ಅವನು ಹೇಳಿದ ಹಾಗೆ, ಅವನೊಬ್ಬನು ಹೇಳಿದ ಹಾಗೆ, ಸರಿಯುತ್ತಲೇ ಇತ್ತು. ಎಲ್ಲಿ ಹೊರಳುತ್ತದೆ ಎಂಬುದಷ್ಟೇ ಬೇಕು. ಈ ಹಳೆಯ ಯಂತ್ರ ಒಮ್ಮೆ ಆರಿದರೆ ಮತ್ತೆ ಬಿಸಿಯಾಗಿ ಸಿದ್ಧವಾಗಲು ಅರ್ಧ ತಾಸು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲಪ್ಪ, ಸುಳ್ಳು ಹೇಳಿದೆ, ನನಗೆ ಹೆದರಿಕೆಯಾಯಿತು ಎನ್ನಬಹುದಿತ್ತು. ಬಾಯಿ ತೆರೆದ ಕೂಡ. ಮೊಬೈಲಿನ ಪುಟ್ಟ ಕಣ್ಣು ತನ್ನನ್ನೇ ನೋಡುತ್ತಿತ್ತು. ಶಿವಯೋಗೀಶರು ಒದ್ದೆ ಪಂಚೆಯಲ್ಲಿ ಕೂತು ನೋಡುತ್ತಿರಬಹುದು. ಸತ್ಯವಂತ ಒಳಗೆ ಹೋಗಿ ಸ್ವಿಚ್ಚು ಆರಿಸಿದ. ಪರದೆಯ ಮೇಲಿನ ಹಸಿರು ಗೆರೆ ಒಂದು ಚುಕ್ಕಿಯಾಗಿ ನಿಂತು ಹೋಯಿತು. ಹೊರಗೆ ಚಾಕು ಸೌತೆಕಾಯಿಯ ಮೂಲಕ ಹಾದು ಮೇಜಿಗೆ ತಾಗಿದ ಸದ್ದು, ನಗು, ಚಪ್ಪಾಳೆ. ಬಿದ್ದ ಕುರ್ಚಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಕೂತ. ಕೂತು ಮಾಡುವ ಕೆಲಸವೇನೂ ಉಳಿದಿರಲಿಲ್ಲ.

ಗ್ರಹಣ ಬಿಟ್ಟು ಬಿಸಿಲು ಚುರುಗುಟ್ಟತೊಡಗಿದಾಗ ಬೀರಲಿಂಗಪ್ಪ ತಲೆಯ ಮೇಲೆ ಸುರಿದುಕೊಂಡ ನೀರು ಒರೆಸದೆ ಹೊಲಕ್ಕೆ ಬಂದ. ವೇದಿಕೆಯವರು ಬ್ಯಾನರು ಬಿಚ್ಚಿ, ಜಯಘೋಷ ಮಾಡಿ, ರೊಟ್ಟಿ ಖಾಲಿ ಮಾಡಿ ಹೋಗಿಯಾಗಿತ್ತು. "ಸಾಹೇಬ್ರ, ನಿಮ್ಮ ಕಂಬಾ ಕಿತ್ಕೊಂಡು ಹೋಗಿಬಿಡ್ರಿ" ಅಂದ. ಯಾಕೋ ಮಾರಾಯಾ ಎಂದರೆ, "ನಮ್ಮ ಎಮ್ಮಿ ಗಬ್ಬ ಐತ್ರಿ. ಸೊಸೀನೂ ಹೊಲಕ್ಕ ಬರ್ತಾಳ." ಆ ತಂತಿಯಿಂದ ಏನೂ ಆಗುವುದಿಲ್ಲ ಎಂದು ಸತ್ಯವಂತ ಹೇಳಿದ. ಆಣೆ ಮಾಡಿ ಹೇಳಿದ, ಚಿತ್ರ ಬರೆದು ತೋರಿಸುತ್ತೇನೆ ಅಂದ. ಬೀರಲಿಂಗಪ್ಪ ಮರ್ಯಾದೆಯಿಂದ ಕೈಮುಗಿದ. "ನೀವ ಹೇಳಿದ್ದನ್ನ ಮೊಬೈಲನ್ಯಾಗ ನೋಡೇನ್ರಿ. ಊರ ಮಂದಿ ಎಲ್ಲಾ ನೋಡೇತ್ರಿ. ನಮ್ಮ ಮಂದಿ ಹೇಳಿದ್ರ ನಾನೂ ನಂಬತಿದ್ದಿಲ್ಲ. ನೀವು ಕಲ್ತೋರು." ಅಷ್ಟರಲ್ಲಿ ಶಿವಯೋಗೀಶರ ಫೋನು ಬಂತು. ಮಗಳ ಧೈರ್ಯವನ್ನು ಬಾಯ್ತುಂಬ ಹೊಗಳಿದರು. ರೀಡಿಂಗು ಏನಾಯಿತೆಂದು ಕೇಳಿ, ನಿಂತುಹೋಯಿತೆಂದು ತಿಳಿದಾಗ, "ಇರ್ಲಿ ಬಿಡ್ರಿ, ಮೇ ತಿಂಗಳಾಗ ಹೆಂಗೂ ರಿಟಾಯರ್ ಆಗ್ತೀರಿ, ನಿಮಗ ನಡೀತದ" ಅಂದರು.

ಕಾರು ಧಾರವಾಡದ ದಾರಿ ಹಿಡಿದಾಗ ಬಂಡಿಗಳು ಎದುರಾಗತೊಡಗಿದವು. ತಡವಾದ ಹಬ್ಬವನ್ನು ಹಿಡಿಯಲು ಜನ ಹೊಸ ಸೀರೆ ಉಟ್ಟು, ಬುಟ್ಟಿ ಹೊತ್ತು ಹೊಲಗಳತ್ತ ಅವಸರದಲ್ಲಿ ಹೊರಟಿದ್ದರು. ಐರಿನ್ ಇಳಿಸಿದ ಕಿಟಕಿಯ ಅಂಚಿಗೆ ತಲೆ ಆನಿಸಿಕೊಂಡು ಕೂತಿದ್ದಳು.

"ಪಪ್ಪಾ, ಆ ತಂತಿಯಿಂದ ಏನೂ ಆಗೂದಿಲ್ಲ, ಹೌದಿಲ್ಲ?"

"ಇಲ್ಲ."

"ನನಗ ಗೊತ್ತಿತ್ತು. ನಾ ಸಾಲ್ಯಾಗ ಹುಡುಗೂರಿಗೆ ಅದನ್ನ ಕಲಸ್ತೇನಿ."

ಸತ್ಯವಂತ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮತ್ತ ಬಂದ್ ಮಾಡು ಅಂತ ಯಾಕ ಅಂದಿ?"

ಬಂಡಿಯೊಂದಕ್ಕೆ ದಾರಿ ಬಿಡಲು ಅವನು ಕಾರನ್ನು ಅಂಚಿಗೆ ತೆಗೆದುಕೊಂಡ.

"ನೀ ಬಂದ್ ಮಾಡೂದಿಲ್ಲ ಅನ್ಕೊಂಡೆ. ಏನಾದ್ರೂ ಆಗ್ಲಿ, ಇವತ್ತ ಒಂದಿನ ನೀ ಆ ಮಷೀನ್ ಬಂದ್ ಮಾಡೂದಿಲ್ಲ. ಆಗೂದಿಲ್ಲ, ನೀನ ಒಳಗ ಬಾ ಅಂತಿ, ನಾ ಚಾಕು ಇಟ್ಟು ಎದ್ದು ಬಂದ್ಬಿಡ್ತೇನಿ ಅನ್ಕೊಂಡೆ." ಅವಳು ಕಿಟಕಿಯಿಂದ ತಲೆ ಎತ್ತಿದಳು. "ನನಗ ಪೇಪರ್ ಓದಿದ ದಿನದಿಂದ ಅಂಜಿಕಿ ಇತ್ತು ಪಪ್ಪಾ. ನೀ ಅಷ್ಟು ಮಂದಿ ಮುಂದ ಹೇಳಿದ್ದಿ ಅಂತ ಬಂದೆ."

ಬಂಡಿ ದಾಟಿ ಹೋಯಿತು. ಅದರ ಹಿಂದಿನದೂ ದಾಟಿತು. ಸತ್ಯವಂತ ಕಾರನ್ನು ಮುಂದೆ ಬಿಡಲಿಲ್ಲ. ಸ್ಟೀರಿಂಗಿನ ಮೇಲಿದ್ದ ಕೈಯನ್ನು ತೆಗೆದು ಮಗಳ ತಲೆಯ ಮೇಲಿಟ್ಟ. ಹೇಳಬೇಕಾದದ್ದು ಒಂದೇ ಪದದಷ್ಟಿತ್ತು, ಅದು ಬರಲು ಬಹಳ ಹೊತ್ತು ಹಿಡಿಯಿತು.

"ನನಗೂ" ಎಂದ.

ಐರಿನ್ ಅತ್ತಳು, ಅಳುತ್ತಲೇ ಕಾರಿನ ಕಿಟಕಿ ಏರಿಸಿದಳು, ಹೊರಗೆ ಹಬ್ಬಕ್ಕೆ ಹೊರಟ ಹೆಂಗಸರು ಬಗ್ಗಿ ನೋಡುತ್ತಿದ್ದರು.